ಹುಬ್ಬಳ್ಳಿಯಂಥ ಊರಲ್ಲಿ ಸಣ್ಣ ವೆಬ್ ಕಂಪನಿ ನಡೆಸುವ ಬಗೆ: ಮೊದಲ ಫೋನಿನಿಂದ ವರ್ಷದ ನಿರ್ವಹಣೆಯವರೆಗೆ

"ಸರ, ಒಂದ್ ವೆಬ್‌ಸೈಟ್ ಮಾಡಸೂದೈತ್ರಿ, ಎಷ್ಟ ಆಗತೈತ್ರಿ?"

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಮೊದಲ ಮಹಡಿಯ ಕೋಣೆಯಲ್ಲಿ ನಾವು ನಾಲ್ಕು ಜನ ಕೂತು ಕೆಲಸ ಮಾಡುತ್ತೇವೆ. ಹನ್ನೆರಡು ವರ್ಷದಿಂದ ಬಹುಪಾಲು ಫೋನುಗಳು ಇದೇ ಮಾತಿನಿಂದ ಶುರುವಾಗುತ್ತವೆ. ಈ ಪ್ರಶ್ನೆಗೆ ಆ ಕ್ಷಣವೇ ಒಂದು ಅಂಕಿ ಹೇಳಿಬಿಡುವ ಚಟದಿಂದಲೇ ನನಗೆ ಗೊತ್ತಿರುವ ಎಷ್ಟೋ ಸಣ್ಣ ಕಂಪನಿಗಳು ಎರಡನೇ ವರ್ಷಕ್ಕೆ ಬಾಗಿಲು ಹಾಕಿದವು. ಅವರಿಗೆ ಕೋಡ್ ಬರೆಯಲು ಬರುತ್ತಿತ್ತು, ಕೆಲವರು ನಮಗಿಂತ ಚೆನ್ನಾಗಿಯೇ ಬರೆಯುತ್ತಿದ್ದರು. ಲೆಕ್ಕ, ಕರಾರು, ಕೀಲಿ ಈ ಮೂರರಲ್ಲಿ ಎಡವಿದರು.

ನಮ್ಮ ಕಡೆ ಗ್ರಾಹಕರೆಂದರೆ ಶಾಲೆ, ಆಸ್ಪತ್ರೆ, ಬಟ್ಟೆ ಅಂಗಡಿ, ಪತ್ತಿನ ಸಹಕಾರಿ ಸಂಘ, ಕಾರ್ಖಾನೆ, ಮಠ. ಎಲ್ಲರೂ ಎಲ್ಲರಿಗೂ ಪರಿಚಿತರು. ಒಬ್ಬರಿಗೆ ತೊಂದರೆ ಕೊಟ್ಟರೆ ಹತ್ತು ಮನೆ ಬಾಗಿಲು ಮುಚ್ಚುತ್ತದೆ. ಅದಕ್ಕೇ ನಾವು ಒಂದು ನಿಯಮಕ್ಕೆ ಗಂಟು ಬಿದ್ದಿದ್ದೇವೆ: ಗ್ರಾಹಕರು ಯಾವ ದಿನ ಬೇಕಾದರೂ ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಲು ಬರುವಂತೆ ಸೈಟ್ ಕಟ್ಟಬೇಕು. ಕೆಳಗಿನ ಹೆಚ್ಚಿನ ಹೆಜ್ಜೆಗಳು ಆ ನಿಯಮದಿಂದಲೇ ಹುಟ್ಟಿದವು.

ಹೆಜ್ಜೆ 1: ಕಾಗದಪತ್ರ

ಇದನ್ನು ಒಂದು ವಾರದಲ್ಲಿ ಮುಗಿಸಬಹುದು, ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಬ್ಬರೇ ಇದ್ದರೆ ಪ್ರೊಪ್ರೈಟರ್‌ಶಿಪ್ ಸಾಕು. ಗೆಳೆಯರಿಬ್ಬರು ಸೇರಿ ಮಾಡುವುದಾದರೆ ಮೊದಲ ದಿನವೇ ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಮಾಡಿಕೊಳ್ಳಿ. ಪಾಲು ಎಷ್ಟು, ಯಾರಾದರೂ ಬಿಟ್ಟು ಹೋದರೆ ಏನು ಅನ್ನುವುದು ಗೆಳೆತನ ಚೆನ್ನಾಗಿರುವಾಗಲೇ ಬರಹಕ್ಕೆ ಇಳಿಯಲಿ.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿ, ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಯನ್ನೂ ಪಡೆಯಿರಿ. ಉದ್ಯಮ್ ಸಂಪೂರ್ಣ ಉಚಿತ, ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಇದ್ದರೆ ನೀವೇ ಮಾಡಿಕೊಳ್ಳಬಹುದು. ದುಡ್ಡು ಕೇಳುವ ಸೈಟುಗಳು ಖಾಸಗಿಯವು, ಅತ್ತ ಹೋಗಬೇಡಿ. ಚಾಲ್ತಿ ಖಾತೆ ತೆರೆಯುವಾಗ ಬ್ಯಾಂಕಿಗೆ ಈ ದಾಖಲೆಗಳು ಬೇಕು. ಉದ್ಯಮ್‌ಗೆ ಇದಕ್ಕಿಂತ ದೊಡ್ಡ ಉಪಯೋಗ ಒಂದಿದೆ, ಬಾಕಿ ವಸೂಲಿಯ ಹೊತ್ತಿಗೆ ಹೇಳುತ್ತೇನೆ.

ಸೇವೆ ಕೊಡುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ನಮ್ಮ ಕೆಲಸಕ್ಕೆ ದರ ಶೇ. 18, ಬಿಲ್ಲಿನಲ್ಲಿ ಹಾಕುವ ಸೇವಾ ಸಂಕೇತ 998314. ಮೊದಲ ವರ್ಷ ಬೇಡವೆನಿಸಬಹುದು. ಆದರೆ ಕಾರ್ಖಾನೆ, ಆಸ್ಪತ್ರೆಯಂಥ ಗ್ರಾಹಕರು ಕೊಟೇಶನ್ ನೋಡುವ ಮೊದಲೇ ಜಿಎಸ್‌ಟಿ ಸಂಖ್ಯೆ ಕೇಳುತ್ತಾರೆ. ಅಂಥವರೇ ನಿಮ್ಮ ಗುರಿಯಾಗಿದ್ದರೆ ಮಿತಿಗೆ ಮುಂಚೆಯೇ ಸ್ವಇಚ್ಛೆಯಿಂದ ಪಡೆದುಕೊಳ್ಳಿ. ತಿಂಗಳ ರಿಟರ್ನ್ ಕೆಲಸವನ್ನು ಲೆಕ್ಕಪರಿಶೋಧಕರಿಗೆ ಒಪ್ಪಿಸಿ. ರಾತ್ರಿ ಕೂತು ನಾನೇ ತುಂಬಿದ ವರ್ಷಗಳಲ್ಲಿ ಉಳಿಸಿದ ದುಡ್ಡಿಗಿಂತ ಕಟ್ಟಿದ ವಿಳಂಬ ಶುಲ್ಕವೇ ಹೆಚ್ಚಾಗಿತ್ತು.

ಹೆಜ್ಜೆ 2: ನಿಮ್ಮ ಒಂದು ಗಂಟೆಯ ಬೆಲೆ ಎಷ್ಟು?

ಇದನ್ನು ನಿಧಾನವಾಗಿ ಓದಿ, ಪೆನ್ನು ಹಿಡಿದುಕೊಂಡು.

ನಾಲ್ಕು ಜನರ ಒಂದು ಆಫೀಸಿನ ತಿಂಗಳ ಖರ್ಚನ್ನು ಮಾದರಿಗಾಗಿ ಹೀಗೆ ಇಟ್ಟುಕೊಳ್ಳೋಣ. ಬಾಡಿಗೆ 12,000. ಮೂವರ ಸಂಬಳ 28,000, 24,000, 16,000, ಒಟ್ಟು 68,000. ನಿಮ್ಮ ಸಂಬಳ 40,000. ಕರೆಂಟು ಮತ್ತು ಇಂಟರ್ನೆಟ್ 6,000. ಸಾಫ್ಟ್‌ವೇರ್ ಚಂದಾ, ಸರ್ವರ್ 7,000. ಲೆಕ್ಕಪರಿಶೋಧಕರಿಗೆ 3,000. ಪೆಟ್ರೋಲು, ಫೋನು, ಚಹಾ 4,000. ಕೂಡಿಸಿದರೆ 1,40,000. ಲ್ಯಾಪ್‌ಟಾಪ್ ಕೆಟ್ಟೀತು, ದೀಪಾವಳಿಗೆ ಬೋನಸ್ ಕೊಡಬೇಕಾದೀತು ಎಂದು ಶೇ. 10 ಸೇರಿಸಿ: 1,54,000.

ನಿಮ್ಮ ಸಂಬಳವನ್ನು ಈ ಪಟ್ಟಿಯಿಂದ ಬಿಡಬೇಡಿ. "ಉಳಿದದ್ದು ನನಗೆ" ಎಂದು ಶುರು ಮಾಡಿದವರಿಗೆ ಏನೂ ಉಳಿಯುವುದಿಲ್ಲ. ಅಪ್ಪನ ಮನೆಯಲ್ಲಿ ಇದ್ದೀರಿ, ಬಾಡಿಗೆ ಇಲ್ಲ ಎಂದರೂ ಬಾಡಿಗೆಯ ಸಾಲು ಇರಲಿ, ನಾಳೆ ಬೇಕಾಗುತ್ತದೆ.

ಈಗ ಗಂಟೆಗಳು. ದಿನಕ್ಕೆ 8 ಗಂಟೆ ಕೂತರೂ ಗ್ರಾಹಕರಿಗೆ ಲೆಕ್ಕ ಹಾಕಬಹುದಾದ ಕೆಲಸ 5 ಗಂಟೆ ಆದರೆ ಹೆಚ್ಚು. ಉಳಿದದ್ದು ಫೋನು, ತಿದ್ದುಪಡಿ, ಕಲಿಕೆ, ಕರೆಂಟ್ ಹೋಗಿದ್ದು. ಮೂವರಲ್ಲಿ ಒಬ್ಬರು ಹೊಸಬರು, ಅವರನ್ನು ಅರ್ಧ ಎಂದು ಹಿಡಿಯಿರಿ. ನೀವೂ ಅರ್ಧ, ಏಕೆಂದರೆ ಉಳಿದರ್ಧ ದಿನ ಗ್ರಾಹಕರ ಹಿಂದೆ ಹೋಗುತ್ತದೆ. ಅಲ್ಲಿಗೆ ಮೂರು ಜನ, 24 ದಿನ, 5 ಗಂಟೆ: ತಿಂಗಳಿಗೆ 360 ಗಂಟೆ. 1,54,000ವನ್ನು 360ರಿಂದ ಭಾಗಿಸಿದರೆ ಗಂಟೆಗೆ ಸುಮಾರು 428 ರೂಪಾಯಿ.

ಇದು ನಿಮ್ಮ ಅಸಲು, ಇದರಲ್ಲಿ ಲಾಭವಿಲ್ಲ. ಕೆಲಸ ಸಿಗದ ತಿಂಗಳು, ಬಾರದ ಬಾಕಿ, ಬೆಳವಣಿಗೆ ಎಲ್ಲ ಸೇರಿಸಿ 550 ಎಂದು ಇಟ್ಟುಕೊಳ್ಳಿ. ಒಂದು ಶಾಲೆಯ ಸೈಟಿಗೆ ಪ್ರಾಮಾಣಿಕವಾಗಿ 70 ಗಂಟೆ ಹಿಡಿಯುತ್ತದೆ ಅನ್ನಿ, ಆಗ ಬೆಲೆ 38,500. ಪಕ್ಕದ ಬೀದಿಯವರು 25,000 ಹೇಳಿದರೆಂದು ನೀವೂ ಅಷ್ಟಕ್ಕೇ ಇಳಿದರೆ ಗಂಟೆಗೆ 357 ಸಿಕ್ಕಂತಾಯಿತು, ಅಂದರೆ ಪ್ರತಿ ಗಂಟೆಗೂ 71 ರೂಪಾಯಿ ಕೈಯಿಂದ ಹಾಕಿ ಅವರಿಗೆ ಸೈಟ್ ಮಾಡಿಕೊಟ್ಟಂತೆ. ಬೆಲೆ ಇಳಿಸಲೇಬೇಕಾದರೆ ಕೆಲಸವನ್ನೂ ಇಳಿಸಿ: ಗ್ಯಾಲರಿ ಬೇಡ, ಎರಡನೇ ಭಾಷೆ ಬೇಡ, 45 ಗಂಟೆಯಲ್ಲಿ ಮುಗಿಯುವಂಥದ್ದು ಮಾಡೋಣ ಎಂದು ನೇರವಾಗಿ ಹೇಳಿ. ಜನ ಒಪ್ಪುತ್ತಾರೆ.

ಈ ಲೆಕ್ಕ ನಿಜವಾಗಬೇಕಾದರೆ ಗಂಟೆಗಳನ್ನು ಬರೆದಿಡಬೇಕು. ನಮ್ಮಲ್ಲಿ ಒಂದು ಸಾದಾ ಸ್ಪ್ರೆಡ್‌ಶೀಟ್ ಇದೆ: ದಿನ, ಹೆಸರು, ಗ್ರಾಹಕ, ಕೆಲಸ, ಎಷ್ಟು ಹೊತ್ತು. ಸಂಜೆ ಮನೆಗೆ ಹೊರಡುವ ಮುಂಚೆ ತುಂಬುವುದು, ಅಷ್ಟೇ. ಆರು ತಿಂಗಳಾದ ಮೇಲೆ ಅದರಿಂದ ಒಂದು ಸಂಗತಿ ಹೊರಬಂತು: ನಾವು ಡಿಸೈನಿಗಿಂತ ಹೆಚ್ಚು ಹೊತ್ತನ್ನು ಗ್ರಾಹಕರು ಕಳಿಸಿದ ಫೋಟೋ ಮತ್ತು ಪಠ್ಯ ಸರಿಪಡಿಸಲು ಕಳೆಯುತ್ತಿದ್ದೆವು. ಅಂದಿನಿಂದ ಆ ಕೆಲಸಕ್ಕೆ ಕೊಟೇಶನ್‌ನಲ್ಲಿ ಬೇರೆಯೇ ಸಾಲು ಹಾಕುತ್ತೇವೆ.

ಹೆಜ್ಜೆ 3: ಮೊದಲ ಭೇಟಿ ಅವರ ಜಾಗದಲ್ಲೇ ಆಗಲಿ

ನಿಮ್ಮ ಆಫೀಸಿಗೆ ಕರೆಯಬೇಡಿ, ಅವರ ಅಂಗಡಿಗೆ ಹೋಗಿ ಒಂದು ತಾಸು ಕೂತುಕೊಳ್ಳಿ.

ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರು ನಮಗೆ ಫೋನ್ ಮಾಡಿ ಆನ್‌ಲೈನ್ ಮಾರಾಟದ ಸೈಟ್ ಬೇಕು ಎಂದಿದ್ದರು. ಕಾರ್ಟು, ಪೇಮೆಂಟು, ಕೊರಿಯರ್ ಎಲ್ಲ ಸೇರಿದ್ದು. ಹೋಗಿ ಕೂತೆವು. ಕಣ್ಣು ಉರಿಯುವಷ್ಟು ಘಾಟು, ಗೋಣಿ ಚೀಲಗಳ ನಡುವೆ ಒಂದು ಮೇಜು. ಒಂದು ತಾಸಿನಲ್ಲಿ ಅವರಿಗೆ ಬಂದ ಹನ್ನೊಂದು ಫೋನುಗಳಲ್ಲಿ ಒಂದೂ ಒಂದು ಕಿಲೋ ಕೇಳುವವರದಲ್ಲ; ಎಲ್ಲವೂ ಕ್ವಿಂಟಲ್ ಲೆಕ್ಕದವು. ಪ್ರತಿಯೊಬ್ಬರೂ ಕೇಳುತ್ತಿದ್ದುದು ಮೂರೇ ಮಾತು: ಡಬ್ಬಿ ಇದೆಯೋ ಕಡ್ಡಿ ಇದೆಯೋ (ಬ್ಯಾಡಗಿ ಮೆಣಸಿನಕಾಯಿಯ ಎರಡು ಬಗೆ), ಬಣ್ಣ ಹೇಗಿದೆ, ಫೋಟೋ ಕಳಿಸಿ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದೇ ಬಣ್ಣದಿಂದ. ಬಣ್ಣ ತೆಗೆಯುವ ಓಲಿಯೊರೆಸಿನ್ ಕಾರ್ಖಾನೆಗಳೂ ಅದನ್ನೇ ನೋಡುತ್ತವೆ. ಅವರಿಗೆ ಬೇಕಾಗಿದ್ದುದು ಪ್ರತಿ ಲಾಟಿನ ಚೆಂದದ, ಬಣ್ಣ ಕೆಡದ ಫೋಟೋ ಮತ್ತು ಒತ್ತಿದರೆ ವಾಟ್ಸಾಪ್‌ಗೆ ಹೋಗುವ ಒಂದು ಬಟನ್. ಕಾರ್ಟ್ ಬಿಟ್ಟೆವು. ಬಂದ ದುಡ್ಡು ಕಡಿಮೆಯಾಯಿತು, ಆದರೆ ಅವರ ಕಡೆಯಿಂದ ಅದೇ ಪೇಟೆಯ ಇನ್ನೂ ನಾಲ್ವರು ಬಂದರು.

ಕೇಳಬೇಕಾದ ಪ್ರಶ್ನೆಗಳು ಇವು. ನಿಮಗೆ ಈಗ ಗಿರಾಕಿ ಎಲ್ಲಿಂದ ಬರುತ್ತಾರೆ? ಸೈಟ್ ನೋಡಿದವರು ಆಮೇಲೆ ಏನು ಮಾಡಬೇಕು, ಫೋನೋ, ಅರ್ಜಿಯೋ, ಖರೀದಿಯೋ? ಸೈಟಿನ ಮಾಹಿತಿ ಬದಲಿಸುವವರು ನಿಮ್ಮಲ್ಲಿ ಯಾರು, ಅವರಿಗೆ ಕಂಪ್ಯೂಟರ್ ಬರುತ್ತದೆಯೇ ಅಥವಾ ಮೊಬೈಲ್ ಮಾತ್ರವೇ? ಹೂಂ ಅನ್ನುವ ಅಧಿಕಾರ ಯಾರಿಗಿದೆ? ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಕಾರ್ಯದರ್ಶಿ ಒಪ್ಪಿದ ಡಿಸೈನನ್ನು ಅಧ್ಯಕ್ಷರು ತಿರಸ್ಕರಿಸುವುದು ಸಂಘಸಂಸ್ಥೆಗಳಲ್ಲಿ ದಿನನಿತ್ಯದ ಮಾತು.

ಹೆಜ್ಜೆ 4: ಕರಾರು ಎರಡು ಪುಟದಲ್ಲಿ, ಅವರಿಗೆ ತಿಳಿಯುವ ಭಾಷೆಯಲ್ಲಿ

ನಮ್ಮ ಕರಾರುಪತ್ರ ಕನ್ನಡದಲ್ಲಿದೆ. ಇಂಗ್ಲಿಷಿನ ಹನ್ನೆರಡು ಪುಟ ಕೊಟ್ಟರೆ ಓದದೇ ಸಹಿ ಹಾಕುತ್ತಾರೆ, ಓದದ ಕರಾರು ಜಗಳದ ದಿನ ಕೆಲಸಕ್ಕೆ ಬರುವುದಿಲ್ಲ. ಮುಖ್ಯ ಭಾಗ ಹೀಗಿರುತ್ತದೆ:

"ಪುಟಗಳು: ಮುಖಪುಟ, ನಮ್ಮ ಬಗ್ಗೆ, ಸರಕು (ಗರಿಷ್ಠ 12), ಗ್ಯಾಲರಿ (ಗರಿಷ್ಠ 40 ಫೋಟೋ), ಸಂಪರ್ಕ. ಭಾಷೆ: ಕನ್ನಡ, ಇಂಗ್ಲಿಷ್. ಪಠ್ಯ ಮತ್ತು ಫೋಟೋ ಒದಗಿಸುವವರು: ಗ್ರಾಹಕರು, ಮುಂಗಡ ಕೊಟ್ಟ 15 ದಿನದೊಳಗೆ. ಡಿಸೈನ್ ತಿದ್ದುಪಡಿ: ಎರಡು ಸುತ್ತು. ಒಪ್ಪಿಗೆಯಾದ ಮೇಲಿನ ಬದಲಾವಣೆ: ಗಂಟೆಗೆ 550 ರೂ., ಮೊದಲೇ ತಿಳಿಸಿ ಒಪ್ಪಿಗೆ ಪಡೆದು. ಸೇರಿಲ್ಲದ್ದು: ಲೋಗೋ, ಪಠ್ಯ ಬರೆಯುವುದು, ಫೋಟೋ ತೆಗೆಯುವುದು, ಜಾಹೀರಾತು."

"ಸೇರಿಲ್ಲದ್ದು" ಎಂಬ ಸಾಲು ಉಳಿದೆಲ್ಲಕ್ಕಿಂತ ಹೆಚ್ಚು ಸಂಬಂಧಗಳನ್ನು ಉಳಿಸಿದೆ. "ಸಣ್ಣ ಕೆಲಸ ಐತ್ರಿ, ಒಂದ್ ಬಟನ್ ಅಷ್ಟ" ಎಂದು ಫೋನ್ ಬಂದಾಗ ಇಲ್ಲ ಅನ್ನಬೇಡಿ, ಹೂಂ ಅಂತಲೂ ಅನ್ನಬೇಡಿ. "ನೋಡಿ ಹೇಳ್ತೀನ್ರಿ" ಎಂದು, ಎಷ್ಟು ಗಂಟೆ ಹಿಡಿಯುತ್ತದೆ ಎಂದು ಒಂದು ಸಾಲು ವಾಟ್ಸಾಪ್ ಮಾಡಿ. ಮೊದಲ ಎರಡು ಸಣ್ಣ ಬದಲಾವಣೆಗಳನ್ನು ಉಚಿತವಾಗಿ ಮಾಡಿದರೂ ಸರಿ, ಆದರೆ ಅದಕ್ಕೆ ಹಿಡಿದ ಹೊತ್ತನ್ನು ತಿಳಿಸಿಯೇ ಮಾಡಿ.

ಹಣದ ಕಂತು ನಮ್ಮಲ್ಲಿ 40–40–20. ಕೆಲಸ ಶುರುವಿಗೆ ಶೇ. 40, ಡಿಸೈನ್ ಒಪ್ಪಿ ಪರೀಕ್ಷಾ ವಿಳಾಸದಲ್ಲಿ ಸೈಟ್ ಕಂಡಾಗ ಶೇ. 40, ಸಾರ್ವಜನಿಕವಾಗಿ ತೆರೆಯುವ ಮುನ್ನಾದಿನ ಶೇ. 20. ಗ್ರಾಹಕರ ಪಠ್ಯ ಬಾರದೇ ಕೆಲಸ ನಿಂತರೆ ಏನು ಎಂಬುದಕ್ಕೂ ಒಂದು ಸಾಲು ಬೇಕು: 60 ದಿನ ಪಠ್ಯ ಬರದಿದ್ದರೆ ಆವರೆಗಿನ ಕೆಲಸಕ್ಕೆ ಬಿಲ್ ಆಗುತ್ತದೆ. ಅರ್ಧಕ್ಕೆ ನಿಂತ ಸೈಟುಗಳಲ್ಲಿ ಹೆಚ್ಚಿನವು "ನಮ್ಮ ಬಗ್ಗೆ" ಪುಟದ ಪಠ್ಯಕ್ಕಾಗಿ ಕಾಯುತ್ತಿರುತ್ತವೆ.

ಹೆಜ್ಜೆ 5: ಡೊಮೇನ್ ಮತ್ತು ಹೋಸ್ಟಿಂಗ್ — ಕೀಲಿ ಮನೆಯವರ ಕೈಯಲ್ಲಿ

ನಮ್ಮ ಮೂರನೇ ವರ್ಷದ ಮೇ ತಿಂಗಳು. ಒಂದು ಶಾಲೆಯ ಸೈಟ್ ಬೆಳಿಗ್ಗೆ ತೆರೆಯಲಿಲ್ಲ. ಡೊಮೇನಿನ, ಅಂದರೆ ಸೈಟಿನ ವಿಳಾಸದ, ಅವಧಿ ಮುಗಿದಿತ್ತು. ನವೀಕರಣದ ಈಮೇಲ್‌ಗಳು ನಮ್ಮಲ್ಲಿ ಕೆಲಸ ಬಿಟ್ಟು ಹೋಗಿದ್ದ ಹುಡುಗನ ಸ್ವಂತ ಜಿಮೇಲ್‌ಗೆ ಹೋಗುತ್ತಿದ್ದವು, ಏಕೆಂದರೆ ಡೊಮೇನ್ ಕೊಂಡಾಗ ಅವನ ಖಾತೆಯಿಂದಲೇ ಕೊಂಡಿದ್ದೆವು. ಪ್ರವೇಶಾತಿಯ ಅರ್ಜಿಗಳು ಬರುವ ವಾರ ಅದು. ಅವನನ್ನು ಹುಡುಕಿ, ಪಾಸ್‌ವರ್ಡ್ ಮರಳಿ ಪಡೆದು, ಮಾಮೂಲಿಗಿಂತ ಹಲವು ಪಟ್ಟು ಶುಲ್ಕ ಕಟ್ಟಿ ಸೈಟ್ ಮತ್ತೆ ಏಳುವ ಹೊತ್ತಿಗೆ ನಾಲ್ಕು ದಿನ ಕಳೆದಿತ್ತು. ಮುಖ್ಯೋಪಾಧ್ಯಾಯಿನಿ ನಮ್ಮನ್ನು ಬೈಯಲಿಲ್ಲ. "ನಮ್ಮ ಶಾಲಿ ಹೆಸರು ನಿಮ್ಮ ಹುಡುಗನ ಹತ್ರ ಯಾಕಿತ್ತು?" ಎಂದು ಕೇಳಿದರು. ಉತ್ತರ ಇರಲಿಲ್ಲ.

ಅಂದಿನಿಂದ ಡೊಮೇನ್ ಗ್ರಾಹಕರ ಹೆಸರಲ್ಲಿ, ಗ್ರಾಹಕರ ಈಮೇಲ್‌ನಲ್ಲಿ, ಗ್ರಾಹಕರ ಕಾರ್ಡ್ ಅಥವಾ ಯುಪಿಐನಿಂದಲೇ. ನಾವು ಪಕ್ಕದಲ್ಲಿ ಕೂತು ಮಾಡಿಸುತ್ತೇವೆ, ನಮಗೆ ಬೇಕಾದಷ್ಟು ಪ್ರವೇಶವನ್ನು ಅವರಿಂದ ಪಡೆಯುತ್ತೇವೆ. ಸಂಸ್ಥೆಯಾಗಿದ್ದರೆ ಕಾರ್ಯದರ್ಶಿಯ ಸ್ವಂತ ಈಮೇಲ್ ಬೇಡ. ಸಂಸ್ಥೆಯ ಹೆಸರಲ್ಲಿ ಒಂದು ತೆರೆಯಿಸಿ, ಚುನಾವಣೆಯಲ್ಲಿ ಕಾರ್ಯದರ್ಶಿ ಬದಲಾಗುತ್ತಾರೆ. ಬ್ಯಾಂಕುಗಳ ವಿಷಯ ಬೇರೆ: 2025ರ ಅಕ್ಟೋಬರ್ 31ರೊಳಗೆ ಅವು '.ಬ್ಯಾಂಕ್.ಇನ್' ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಆದೇಶಿಸಿತು, ಅದರ ನೋಂದಣಿ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆಯಾದ ಐಡಿಆರ್‌ಬಿಟಿ ಮೂಲಕ ಮಾತ್ರ.

ಸೈಟನ್ನು ಇಡುವ ಸರ್ವರ್ ಜಾಗ, ಅಂದರೆ ಹೋಸ್ಟಿಂಗ್‌ಗೂ ಇದೇ ಮಾತು. ನಿಮ್ಮದೇ ಸರ್ವರಿನಲ್ಲಿ ಇಪ್ಪತ್ತು ಗ್ರಾಹಕರನ್ನು ಇಟ್ಟುಕೊಂಡರೆ ತಿಂಗಳಿಗೆ ನಾಲ್ಕು ಕಾಸು ಉಳಿಯುತ್ತದೆ ನಿಜ. ಒಬ್ಬರ ಹಳೇ ಪ್ಲಗಿನ್‌ನಿಂದ (ಸೈಟಿಗೆ ಸೇರಿಸಿದ ಹೆಚ್ಚುವರಿ ತಂತ್ರಾಂಶದಿಂದ) ಕಳ್ಳರು ನುಗ್ಗಿದರೆ ಇಪ್ಪತ್ತೂ ಸೈಟ್ ಒಟ್ಟಿಗೆ ಬೀಳಬಹುದು, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಇಡಲೇಬೇಕಾದರೆ ಪ್ರತಿ ಸೈಟಿಗೆ ಬೇರೆ ಬಳಕೆದಾರ ಖಾತೆ, ಬೇರೆ ಡೇಟಾಬೇಸ್, ಬೇರೆ ಪಾಸ್‌ವರ್ಡ್. ಸೈಟಿನ ಸಂಪರ್ಕವನ್ನು ಸುರಕ್ಷಿತವಾಗಿಡುವ ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೆ ಯಾರಿಂದಲೂ ಸಾವಿರಗಟ್ಟಲೆ ವಸೂಲಿ ಮಾಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ. ಅವಧಿ ಕಡಿಮೆ, ಹಾಗಾಗಿ ತಾನೇ ನವೀಕರಣವಾಗುವ ವ್ಯವಸ್ಥೆ ಮಾಡಿ, ಅದು ನಿಜಕ್ಕೂ ಆಗುತ್ತಿದೆಯೇ ಎಂದು ನೋಡಿ.

ಹೆಜ್ಜೆ 6: ಕನ್ನಡ ಪಠ್ಯವನ್ನು ಗೌರವದಿಂದ ಕಟ್ಟುವುದು

ಇದು ನನಗೆ ಹತ್ತಿರದ ವಿಷಯ, ಸ್ವಲ್ಪ ಹೆಚ್ಚೇ ಹೇಳುತ್ತೇನೆ. ದೊಡ್ಡ ನಗರದ ದೊಡ್ಡ ಕಂಪನಿಗೂ ನಿಮಗೂ ಇರುವ ವ್ಯತ್ಯಾಸವನ್ನು ಗ್ರಾಹಕರು ಕಣ್ಣಾರೆ ಕಾಣುವುದು ಇಲ್ಲೇ.

ಗ್ರಾಹಕರು ಕಳಿಸುವ ಕನ್ನಡ ಪಠ್ಯ ಬಹಳ ಸಲ 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನಿಂದ ಬಂದಿರುತ್ತದೆ. ಅದು ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಆಕಾರ ತೊಡಿಸಿದ್ದು. ಪರಿವರ್ತಕಕ್ಕೆ ಹಾಕಿದರೆ ಕನ್ನಡವೇನೋ ಬರುತ್ತದೆ, ಆದರೆ ನಡುವೆ ಇದ್ದ ಈಮೇಲ್ ವಿಳಾಸ, ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಆದ್ದರಿಂದ ಪರಿವರ್ತಿಸುವ ಮೊದಲು ಇಂಗ್ಲಿಷ್ ಭಾಗಗಳನ್ನು ಗುರುತು ಮಾಡಿ ತೆಗೆದಿಡಿ, ಆಮೇಲೆ ಸೇರಿಸಿ. ಕೊನೆಗೆ ಒಬ್ಬರು ಮೂಲ ಕಾಗದ ಹಿಡಿದು, ಇನ್ನೊಬ್ಬರು ಪರದೆ ನೋಡುತ್ತಾ ಗಟ್ಟಿಯಾಗಿ ಓದಲಿ.

ಓದುವಾಗ ಕಣ್ಣಿಡಬೇಕಾದ ಜಾಗಗಳಿವೆ. "ಸಾಫ್ಟ್‌ವೇರ್" ಎಂದು ಬರೆದದ್ದು "ಸಾಫ್ಟ್ವೇರ್" ಆಗಿದೆಯೇ ನೋಡಿ. ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ಫಾರ್ಮಿನ ಪಠ್ಯ ಶುಚಿ ಮಾಡುವ ಕೋಡ್ ಕೆಲವೊಮ್ಮೆ ಅದನ್ನು ಕಸವೆಂದು ತೆಗೆದುಬಿಡುತ್ತದೆ. "ರ‍್ಯಾಂಕ್" ಎಂಬಲ್ಲೂ ಅಂಥದ್ದೇ ಇನ್ನೊಂದು ಅಕ್ಷರವಿದೆ. ಅದು ಹೋದರೆ "ರ್ಯಾಂಕ್" ಆಗಿ ಅರ್ಕಾವತ್ತು ಬರುತ್ತದೆ. ಕಾಲೇಜಿನ ಸೈಟಿನ ಮುಖಪುಟದಲ್ಲಿ, ವಿದ್ಯಾರ್ಥಿನಿಯ ಫೋಟೋದ ಕೆಳಗೆ ಇದು ತಪ್ಪಾಗಿ ಕಂಡರೆ ಕನ್ನಡ ಮೇಷ್ಟ್ರಿಂದ ಫೋನ್ ಬರುತ್ತದೆ, ಬರಬೇಕಾದ್ದೇ.

ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಇಟ್ಟಷ್ಟೇ ಇಟ್ಟರೆ "ರಾಷ್ಟ್ರೀಯ"ದ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತವೆ. ನಾವು ಪಠ್ಯಕ್ಕೆ ಲೈನ್-ಹೈಟ್ 1.7, ಶೀರ್ಷಿಕೆಗೆ 1.4ಕ್ಕಿಂತ ಕಡಿಮೆ ಇಡುವುದಿಲ್ಲ. ಬಟನ್‌ಗಳಿಗೆ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದಿಟ್ಟರೆ "ಒತ್ತಿ" ಎಂಬುದರ ಒತ್ತೇ ಕತ್ತರಿಸಿಹೋಗುತ್ತದೆ. ಅಕ್ಷರಗಳನ್ನು ಬಿಡಿಸಿಡುವ ಲೆಟರ್-ಸ್ಪೇಸಿಂಗ್ ಕನ್ನಡಕ್ಕೆ ಬೇಡವೇ ಬೇಡ. ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ತಿರೋ ಕನ್ನಡ ಎಲ್ಲ ಉಚಿತವಾಗಿ ಸಿಗುವ ಒಳ್ಳೆಯ ಫಾಂಟುಗಳು. ಒಂದು ಸೈಟಿಗೆ ಒಂದು ಅಥವಾ ಎರಡು ಸಾಕು, ಬೇಕಾದ ದಪ್ಪಗಳನ್ನಷ್ಟೇ ಇಳಿಸಿ. ಪುಟದ ಭಾಷೆಯನ್ನು ಎಚ್‌ಟಿಎಂಎಲ್‌ನಲ್ಲಿ ಕನ್ನಡ ಎಂದು ಘೋಷಿಸಿ, ಅಂಧರು ಬಳಸುವ ಓದುಯಂತ್ರಕ್ಕೆ ಯಾವ ಉಚ್ಚಾರದಲ್ಲಿ ಓದಬೇಕೆಂದು ತಿಳಿಯುವುದು ಅದರಿಂದಲೇ.

ಕನ್ನಡದಲ್ಲಿ ಎಸ್‌ಎಂಎಸ್ ಕಳಿಸುವ ಸೈಟಾದರೆ ಒಂದು ಸಂದೇಶಕ್ಕೆ 160ರ ಬದಲು 70 ಅಕ್ಷರ ಮಾತ್ರ, ಗುಣಿತ ಒತ್ತುಗಳೂ ಆ ಲೆಕ್ಕದಲ್ಲೇ ಬರುತ್ತವೆ. ಖರ್ಚನ್ನು ಗ್ರಾಹಕರಿಗೆ ಮೊದಲೇ ಹೇಳಿ. ಟೆಲಿಕಾಂ ಕಂಪನಿಗಳ ಬಳಿ ಮಾಡಿಸಬೇಕಾದ ಡಿಎಲ್‌ಟಿ ನೋಂದಣಿ ಆಗದೆ ಓಟಿಪಿಯೂ ಹೋಗುವುದಿಲ್ಲ. ಅದಕ್ಕೆ ಹಿಡಿಯುವ ದಿನಗಳನ್ನು ವೇಳಾಪಟ್ಟಿಯಲ್ಲಿ ಸೇರಿಸಿ.

ಹೆಜ್ಜೆ 7: ತೆರೆಯುವ ಮುನ್ನ ಪರೀಕ್ಷೆ

ಆಫೀಸಿನ ವೈಫೈನಲ್ಲಿ, ನಿಮ್ಮ ಒಳ್ಳೆಯ ಫೋನಿನಲ್ಲಿ ನೋಡಿ ಸಂತೋಷಪಡಬೇಡಿ. ಹತ್ತು ಸಾವಿರದೊಳಗಿನ ಒಂದು ಹಳೇ ಆಂಡ್ರಾಯ್ಡ್ ಫೋನ್ ಆಫೀಸಿನಲ್ಲಿರಲಿ. ಅದನ್ನು ಹಿಡಿದು ಬಸ್‌ನಲ್ಲಿ ಧಾರವಾಡದವರೆಗೆ ಹೋಗುತ್ತಾ ಸೈಟ್ ತೆರೆದು ನೋಡಿ. ಗೂಗಲ್ ಹೇಳುವ ಅಳತೆ ಇದು: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಸೈಟ್ ನಿಧಾನವಾಗಲು ನಮ್ಮ ಅನುಭವದಲ್ಲಿ ಮೊದಲ ಕಾರಣ ಕ್ಯಾಮೆರಾದಿಂದ ನೇರ ಏರಿಸಿದ 6 ಎಂಬಿ ಫೋಟೋ. ಏರಿಸುವಾಗಲೇ ತಾನಾಗಿ ಕಿರಿದಾಗಿ ವೆಬ್‌ಪಿ ಎಂಬ ಹಗುರ ರೂಪಕ್ಕೆ ಬರುವಂತೆ ಮಾಡಿ. ಗ್ರಾಹಕರಿಗೆ ಪಾಠ ಹೇಳುವ ಅಗತ್ಯ ಇರುವುದಿಲ್ಲ.

ಆನ್‌ಲೈನ್ ಪಾವತಿ ಇದ್ದರೆ ಗೌಪ್ಯತೆ, ಹಣ ವಾಪಸಿ, ಸಾಗಣೆ, ನಿಯಮಗಳು, ಸಂಪರ್ಕ ಈ ಪುಟಗಳು ಸಿದ್ಧವಾಗಿರಲಿ, ಇವಿಲ್ಲದೆ ಪೇಮೆಂಟ್ ಗೇಟ್‌ವೇಯವರು ಒಪ್ಪಿಗೆ ಕೊಡುವುದಿಲ್ಲ. ಫಾರ್ಮಿನಲ್ಲಿ ಬೇಡದ ಮಾಹಿತಿ ಕೇಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಂತರ, ಶಾಲೆಯ ಸೈಟಿನಲ್ಲಿ ಮಕ್ಕಳ ಆಧಾರ್ ಸಂಖ್ಯೆ ತುಂಬಿಸುವ ಫಾರ್ಮ್ ಮಾಡಿಕೊಡಿ ಎಂದರೆ ನಾವು ಯಾಕೆ ಬೇಕು ಎಂದು ಕೇಳಿಯೇ ಮುಂದೆ ಹೋಗುತ್ತೇವೆ.

ಹೆಜ್ಜೆ 8: ಬಿಲ್ಲು ಮತ್ತು ಬಾಕಿ

ಹಣ ಕೈಗೆ ಬರುವ ಮುಂಚೆ ತೆರಿಗೆ ಬಿಲ್ ಕೊಡಬೇಡಿ. ಕಂತಿನ ಸಮಯಕ್ಕೆ ಪ್ರೊಫಾರ್ಮಾ, ಅಂದರೆ ತೆರಿಗೆ ಲೆಕ್ಕಕ್ಕೆ ಬಾರದ ಕರಡು ಬಿಲ್, ಕಳಿಸಿ. ತೆರಿಗೆ ಬಿಲ್ ಹೊರಟರೆ ಹಣ ಬರಲಿ ಬಿಡಲಿ ಆ ತಿಂಗಳ ಜಿಎಸ್‌ಟಿ ನೀವು ಕಟ್ಟಬೇಕು. ಮುಂಗಡದ ಮೇಲೂ ಬಂದ ತಿಂಗಳಲ್ಲೇ ಜಿಎಸ್‌ಟಿ ಉಂಟು, ಆ ಭಾಗವನ್ನು ಖರ್ಚು ಮಾಡದೇ ಬೇರೆ ಇಡಿ. ಆದರೆ ಕೆಲಸ ಮುಗಿದ ಮೇಲೆ ಹಣ ಬಾರದಿದ್ದರೂ ತೆರಿಗೆ ಬಿಲ್ ಕೊಡಲು ಇರುವುದು 30 ದಿನ, ಅದನ್ನು ಮೀರಬೇಡಿ.

ಕಂಪನಿ, ಟ್ರಸ್ಟ್, ದೊಡ್ಡ ವಹಿವಾಟಿನವರು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕೊಡುತ್ತಾರೆ. 60,000ದ ಕೆಲಸ, ಜಿಎಸ್‌ಟಿ 10,800, ಒಟ್ಟು 70,800 ಅನ್ನಿ. ಶೇ. 10 ಟಿಡಿಎಸ್ ಆದರೆ ಅದನ್ನು 60,000ದ ಮೇಲೆ ಮಾತ್ರ ಹಿಡಿಯಬೇಕು, 6,000 ಹೋಗಿ ಬ್ಯಾಂಕಿಗೆ 64,800 ಬರುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ದರೂ ಪೂರ್ತಿ ಮೊತ್ತದ ಮೇಲೆ ಹಿಡಿಯುವ ಗುಮಾಸ್ತರಿದ್ದಾರೆ, ವಿನಯದಿಂದ ತಿದ್ದಿಸಿ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮಾ ಆಗಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ.

ಈಗ ಉದ್ಯಮ್ ವಿಷಯ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಲಿಖಿತ ಕರಾರು ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೆ ಅದರಲ್ಲಿನ ಗಡುವಿನೊಳಗೆ, ಆದರೆ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಗಡುವು ದಾಟಿದ ಬಾಕಿ ಮಾರ್ಚ್ 31ಕ್ಕೂ ಹಾಗೇ ಉಳಿದಿದ್ದರೆ ವ್ಯಾಪಾರಸ್ಥರಿಗೆ ಆ ವರ್ಷ ಅದನ್ನು ಖರ್ಚೆಂದು ತೋರಿಸಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಹಾಗಾಗಿ ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ. ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡುವ ದಾರಿ ಇದ್ದರೂ ನಾವು ಈವರೆಗೆ ಹೋಗಿಲ್ಲ; ಮಾರ್ಚ್ ಮೊದಲ ವಾರ ಅವರ ಲೆಕ್ಕಪರಿಶೋಧಕರಿಗೆ ಬಾಕಿ ಪಟ್ಟಿ ಕಳಿಸಿದರೆ ಸಾಮಾನ್ಯವಾಗಿ ಹಣ ಬರುತ್ತದೆ.

ಬಾಕಿ ಇದೆ ಎಂದು ತೆರೆದ ಸೈಟನ್ನು ಮುಚ್ಚಬೇಡಿ, ಅದರ ಮೇಲೆ "ಹಣ ಕೊಟ್ಟಿಲ್ಲ" ಎಂದು ಬರೆಯಲೇಬೇಡಿ. ಹಾಗೆ ಮಾಡಿದವರನ್ನು ಊರು ಮರೆಯುವುದಿಲ್ಲ. ಅದಕ್ಕೇ ಕೊನೆಯ ಶೇ. 20ನ್ನು ತೆರೆಯುವ ಮುನ್ನಾದಿನ ಕೇಳುವುದು.

ಹೆಜ್ಜೆ 9: ಜೊತೆಗಾರರು, ಹೊರಗುತ್ತಿಗೆ, ಹಕ್ಕು

ಸಂಬಳದ ಉದ್ಯೋಗಿ ಕೆಲಸದ ಭಾಗವಾಗಿ ಬರೆದ ಕೋಡಿನ ಹಕ್ಕು ಸಾಮಾನ್ಯವಾಗಿ ಕಂಪನಿಯದು. ಹೊರಗಿನ ಫ್ರೀಲಾನ್ಸರ್ ಬರೆದದ್ದು ಹಾಗಲ್ಲ: 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಸಹಿ ಹಾಕಿದ ಲಿಖಿತ ಪತ್ರದಿಂದ ಮಾತ್ರ ಹಕ್ಕು ವರ್ಗವಾಗುತ್ತದೆ. ಆ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎಂದು ಕಾನೂನು ಭಾವಿಸುತ್ತದೆ. ನೀವು ಗ್ರಾಹಕರಿಗೆ "ಎಲ್ಲ ನಿಮ್ಮದೇ" ಎಂದು ಬರೆದುಕೊಡುವ ಮುಂಚೆ ಅದು ಮೊದಲು ನಿಮ್ಮದಾಗಿರಬೇಕು. ಒಂದು ಪುಟದ ಪತ್ರ, ಪೂರ್ಣ ಅವಧಿಗೆ, ಜಗತ್ತಿನಾದ್ಯಂತ ಎಂದು ಸ್ಪಷ್ಟವಾಗಿ. ಫ್ರೀಲಾನ್ಸರ್‌ಗೆ ಹಣವನ್ನು ನಿಮ್ಮ ಗ್ರಾಹಕರಿಂದ ಬಂದಿರಲಿ ಬಿಡಲಿ, ಹೇಳಿದ ದಿನ ಕೊಡಿ.

ಹೊಸ ಹುಡುಗ ಹುಡುಗಿಯರು ಎರಡು ವರ್ಷ ಕಲಿತು ಬೆಂಗಳೂರಿಗೆ ಹೋಗುತ್ತಾರೆ. ಹೋಗಲಿ, ಖುಷಿಯಿಂದ ಕಳಿಸಿ. ಆದರೆ ಪಾಸ್‌ವರ್ಡ್‌ಗಳು ಯಾರ ತಲೆಯಲ್ಲೂ, ಯಾರ ಸ್ವಂತ ಫೋನಿನಲ್ಲೂ ಇರಬಾರದು. ಪಾಸ್‌ವರ್ಡ್ ಮ್ಯಾನೇಜರ್ ಒಂದೇ, ಅದರಲ್ಲಿ ಪ್ರತಿ ಗ್ರಾಹಕರಿಗೆ ಒಂದು ಕಪಾಟು. ಯಾರಾದರೂ ಬಿಟ್ಟ ದಿನ ಸಂಜೆಯೊಳಗೆ ಅವರು ಮುಟ್ಟಿದ್ದ ಪಾಸ್‌ವರ್ಡ್ ಎಲ್ಲ ಬದಲಾಗಬೇಕು. ಇದರಲ್ಲಿ ಅಪನಂಬಿಕೆಯ ಮಾತಿಲ್ಲ. ಮುಂದೆ ಏನಾದರೂ ಆದರೆ ಅವರ ಮೇಲೆ ಅನುಮಾನ ಬಾರದಂತೆ ಕಾಯುವುದೂ ಇದೇ.

ಹೆಜ್ಜೆ 10: ವರ್ಷದ ನಿರ್ವಹಣೆ

ಸಣ್ಣ ಕಂಪನಿಯ ಬಾಡಿಗೆ ಕಟ್ಟುವುದು ಹೊಸ ಸೈಟುಗಳ ದುಡ್ಡಲ್ಲ, ನಿರ್ವಹಣೆಯ ದುಡ್ಡು. ಹೊಸ ಕೆಲಸ ಆಷಾಢದಲ್ಲಿ ನಿಂತು ಹೋಗುತ್ತದೆ, ಇದು ನಿಲ್ಲುವುದಿಲ್ಲ. ಏನೇನು ಸೇರಿದೆ ಎಂದು ಬರೆದೇ ಕೊಡಿ: ಸೈಟ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ಮತ್ತು ಪ್ಲಗಿನ್ ಅಪ್‌ಡೇಟ್, ದಿನದ ಬ್ಯಾಕಪ್, ತಿಂಗಳಿಗೆ ಎರಡು ಗಂಟೆಯ ಬದಲಾವಣೆ, ಸೈಟ್ ಬಿದ್ದರೆ ಎಷ್ಟು ಹೊತ್ತಿನಲ್ಲಿ ಉತ್ತರ ಕೊಡುತ್ತೀರಿ. ಸರ್ವರ್ ಲಾಗ್‌ಗಳನ್ನು (ಸರ್ವರಿನಲ್ಲಿ ಯಾವಾಗ ಏನಾಯಿತೆಂಬ ದಾಖಲೆಗಳನ್ನು) 180 ದಿನ ಇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಕೊಟ್ಟ ನಿರ್ದೇಶನ ಅದನ್ನು ಕೇಳುತ್ತದೆ. ಸೈಟಿಗೆ ದಾಳಿಯಾದರೆ ಗೊತ್ತಾದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಮಾಡಬೇಕು ಎಂಬುದೂ ಅದರಲ್ಲಿದೆ.

ಸೈಟ್ ಒಪ್ಪಿಸುವ ದಿನ ನಾವು ಗ್ರಾಹಕರಿಗೆ ಒಂದು ಕಂದು ಲಕೋಟೆ ಕೊಡುತ್ತೇವೆ. ಡೊಮೇನ್ ಎಲ್ಲಿದೆ, ಎಂದು ಮುಗಿಯುತ್ತದೆ, ಹೋಸ್ಟಿಂಗ್ ಎಲ್ಲಿದೆ, ಯಾವ ಖಾತೆಗೆ ಯಾವ ಈಮೇಲ್, ಬ್ಯಾಕಪ್ ಎಲ್ಲಿಂದ ಇಳಿಸಿಕೊಳ್ಳಬೇಕು ಎಂಬ ಎರಡು ಹಾಳೆ, ಕನ್ನಡದಲ್ಲಿ. ಪಾಸ್‌ವರ್ಡ್‌ಗಳನ್ನು ಅವರ ಎದುರಿಗೇ ಅವರಿಂದಲೇ ಹೊಸದಾಗಿ ಇಡಿಸುತ್ತೇವೆ. ನಾಳೆ ನಾವಿಲ್ಲದಿದ್ದರೂ ಆ ಎರಡು ಹಾಳೆ ಹಿಡಿದು ಹೋದರೆ ಊರಿನ ಇನ್ಯಾರೇ ಆಗಲಿ ಕೆಲಸ ಮುಂದುವರಿಸಬಲ್ಲರು. ಲಕೋಟೆ ತೆಗೆದುಕೊಂಡು ಬೇರೆಯವರ ಹತ್ತಿರ ಹೋದವರು ಹನ್ನೆರಡು ವರ್ಷದಲ್ಲಿ ಮೂವರು. ಅವರಲ್ಲಿ ಒಬ್ಬರು ಎರಡು ವರ್ಷದ ಮೇಲೆ ಅದೇ ಲಕೋಟೆ ಹಿಡಿದು ಮರಳಿ ಬಂದರು.

ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ನಮ್ಮಲ್ಲಿ ಬೇರೆ ಕೆಲಸವಿಲ್ಲ. ಚೀಟಿ ಎತ್ತಿ ಒಬ್ಬ ಗ್ರಾಹಕರನ್ನು ಆರಿಸುತ್ತೇವೆ, ಅವರ ಬ್ಯಾಕಪ್ಪನ್ನು ಖಾಲಿ ಸರ್ವರಿಗೆ ಹಾಕಿ ಸೈಟನ್ನು ಮೊದಲಿಂದ ಎಬ್ಬಿಸುತ್ತೇವೆ. ಲಕೋಟೆಯ ಹಾಳೆಯ ಪ್ರತಿಯೊಂದೇ ಕೈಯಲ್ಲಿ, ನೆನಪಿನಿಂದ ಏನೂ ಮಾಡುವಂತಿಲ್ಲ. ಕಳೆದ ತಿಂಗಳು ಹಾಗೆ ಎಬ್ಬಿಸಿದಾಗ ಎಲ್ಲ ಪುಟ ಬಂದವು, ಫೋಟೋಗಳ ಫೋಲ್ಡರ್ ಮಾತ್ರ ಎರಡು ವಾರದಿಂದ ಬ್ಯಾಕಪ್ ಆಗಿಯೇ ಇರಲಿಲ್ಲ ಎಂದು ತಿಳಿಯಿತು. ಮಧ್ಯಾಹ್ನದೊಳಗೆ ಸರಿಪಡಿಸಿ, ಗ್ರಾಹಕರಿಗೆ ಫೋನ್ ಮಾಡಿ ಹೇಳಿದೆವು.